ಆಕರಸೂಚಿಯಲ್ಲಿ ಅಂಕನಿರ್ದೇಶ: ಹೊನ್ನಾಳಿ, ಚನ್ನಗಿರಿ, ಜಗಳೂರು, ನ್ಯಾಮತಿ ಶಾಸನಗಳ ನಿದರ್ಶನದೊಡನೆ

ಗ್ರಂಥಸಂಪಾದನೆಯಲ್ಲಿ ಪಾಠಾಂತರ, ಪ್ರಕ್ಷೇಪ, ಲಿಪಿಕಾರನ ಸ್ಖಾಲಿತ್ಯ ಮುಂತಾದ ವಿಷಯಗಳಿಗೆ ದೊರೆತಿರುವ ಗಮನ ಆಕರಸೂಚಿಯ ಅಂಕಗಳಿಗೆ ದೊರೆತಿಲ್ಲ. ಅಂಕ ಹಾಕುವುದು ಅಚ್ಚುಕೂಟದವರ ಕೆಲಸ, ವಿದ್ವಾಂಸನದಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಶಾಸನವನ್ನಾಗಲಿ ಹಸ್ತಪ್ರತಿಯನ್ನಾಗಲಿ ಆಧರಿಸಿ ಹೇಳಿದ ಮಾತು ನಿಲ್ಲಬೇಕಾದರೆ ಓದುವವನು ಆ ಆಧಾರವನ್ನು ತಾನೇ ತೆರೆದು ನೋಡುವಂತಿರಬೇಕು. ಅವನನ್ನು ಆಧಾರದವರೆಗೆ ಕರೆದೊಯ್ಯುವುದು ಒಂದು ಸಣ್ಣ ಅಂಕ. ಆ ಅಂಕ ಕೆಟ್ಟರೆ ಉಲ್ಲೇಖವು ಕೇವಲ ವದಂತಿಯ ಮಟ್ಟಕ್ಕೆ ಇಳಿಯುತ್ತದೆ.

ಈಚಿನ ದಶಕಗಳಲ್ಲಿ ಸಂಶೋಧನ ಗ್ರಂಥಗಳು ಗಣಕಯಂತ್ರದ ಅಕ್ಷರಜೋಡಣೆಯಿಂದ ಸಿದ್ಧವಾಗುತ್ತಿರುವುದು ಸರಿಯಷ್ಟೆ. ಅವುಗಳಲ್ಲಿ ಅನೇಕವು ಆಕರಗಳಿಗೆ ೧, ೨, ೩ ಎಂದು ತಾವೇ ಕ್ರಮಸಂಖ್ಯೆ ಕೊಟ್ಟು, ಬರಹದ ನಡುವೆ ಚೌಕ ಆವರಣದಲ್ಲಿ ಆ ಸಂಖ್ಯೆಯನ್ನಷ್ಟೆ ಮುದ್ರಿಸುತ್ತವೆ. ನೋಟಕ್ಕೆ ಇದು ಅಚ್ಚುಕಟ್ಟು. ಆದರೆ ಇಲ್ಲಿ ಎರಡು ಬಗೆಯ ಅಂಕಗಳು ಒಂದರ ಮೇಲೊಂದು ಬೀಳುತ್ತವೆ ಎಂಬುದನ್ನು ಮೊದಲು ಗುರುತಿಸಬೇಕು. ಒಂದು, ಆಕರವನ್ನು ಪ್ರಕಟಿಸಿದ ಸಂಪಾದಕನು ಅದಕ್ಕೆ ಕೊಟ್ಟ ಅಂಕ. ಇದನ್ನು ಆಕರಾಂಕ ಎನ್ನಬಹುದು. ಇನ್ನೊಂದು, ಆ ಆಕರವನ್ನು ಬಳಸುವ ಹೊಸ ಪುಸ್ತಕದ ಸೂಚಿಯಲ್ಲಿ ಅದಕ್ಕೆ ಬಿದ್ದ ಸಂಖ್ಯೆ, ಇದು ಕ್ರಮಾಂಕ. ಕ್ರಮಾಂಕದ ಆಯುಸ್ಸು ಆ ಒಂದು ಪುಸ್ತಕದ ಒಂದು ಮುದ್ರಣದಷ್ಟೆ. ಆಕರಾಂಕ ಹಾಗಲ್ಲ; ಶತಮಾನ ಕಳೆದರೂ ಅದೇ ಅಂಕವನ್ನು ಹಿಡಿದು ಬೇರೆ ಬೇರೆ ವಿದ್ವಾಂಸರು ಅದೇ ಕಲ್ಲಿನ ಬಳಿಗೆ ಬರುತ್ತಾರೆ.

ಈ ಭೇದವು ಎಷ್ಟು ಮುಖ್ಯವೆಂಬುದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳ ಶಾಸನಗಳನ್ನು ಉಲ್ಲೇಖಿಸುವಾಗ ವಿಶದವಾಗುತ್ತದೆ. ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಏಳನೆಯ ಸಂಪುಟವನ್ನು ೧೯೦೨ರಲ್ಲಿ ಹೊರತಂದರು. ಶಿವಮೊಗ್ಗ ಜಿಲ್ಲೆಯ ಮೊದಲ ಭಾಗವಾದ ಅದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟ ಬಂದದ್ದು ೧೯೦೩ರಲ್ಲಿ. ಜಗಳೂರಿನ ಶಾಸನಗಳು ಅಲ್ಲಿವೆ. ರೈಸರ ಪದ್ಧತಿಯಲ್ಲಿ ಪ್ರತಿಯೊಂದು ತಾಲ್ಲೂಕಿಗೂ ಸಂಖ್ಯೆ ಮತ್ತೆ ಒಂದರಿಂದ ಮೊದಲಾಗುತ್ತದೆ. ಆದ್ದರಿಂದ ಸಂಖ್ಯೆಯೊಂದನ್ನೇ ಹೇಳಿದರೆ ಪ್ರಯೋಜನವಿಲ್ಲ. ಅದರ ಹಿಂದೆ ತಾಲ್ಲೂಕಿನ ಹೆಸರು ಬರಲೇಬೇಕು. ಹೊನ್ನಾಳಿಗೆ ಎಚ್‌ಎಲ್, ಚನ್ನಗಿರಿಗೆ ಸಿಐ, ಜಗಳೂರಿಗೆ ಜೆಎಲ್, ದಾವಣಗೆರೆಗೆ ಡಿಜಿ ಎಂಬ ರೋಮನ್ ಅಕ್ಷರಗಳ ಸಂಕೇತಗಳು ಹೀಗೆ ರೂಢಿಗೆ ಬಂದವು. ಒಂದು ತಾಲ್ಲೂಕಿನೊಳಗಿನ ಈ ಅಂಕಗಳು ಕಾಲಾನುಕ್ರಮವನ್ನಲ್ಲ, ಊರುಗಳ ಅನುಕ್ರಮವನ್ನು ಅನುಸರಿಸುತ್ತವೆ. ಮೂಲಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಈ ಮೂರಕ್ಕೂ ಒಂದೇ ಅಂಕವಿರುವುದರಿಂದ ಒಂದು ಸಂಕೇತವನ್ನು ಹಿಡಿದರೆ ಮೂರೂ ಕೈಗೆ ಸಿಗುತ್ತವೆ. ರೈಸರ ಪಾಠಗಳಲ್ಲಿ ತಿದ್ದಬೇಕಾದವು ಅನೇಕವಿವೆ. ಆದರೆ ಅವರ ಅಂಕಪದ್ಧತಿಯಷ್ಟು ಗಟ್ಟಿಯಾದುದನ್ನು ಅವರ ಅನಂತರ ಬಂದ ಎಷ್ಟೋ ಸಂಕಲನಗಳು ಕೊಡಲಾರದೆ ಹೋದವು.

ರೈಸರ ಕಾಲದ ಆಡಳಿತ ವಿಭಾಗಗಳು ಹಾಗೆಯೇ ಉಳಿಯಲಿಲ್ಲ. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ರಚಿತವಾದಾಗ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿಗಳೂ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರುಗಳೂ, ಬಳ್ಳಾರಿಯಿಂದ ಹರಪನಹಳ್ಳಿಯೂ ಅದಕ್ಕೆ ಸೇರಿದವು. ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನ್ಯಾಮತಿ ಸೇರಿತು. ಅದುವರೆಗೆ ಅದು ಹೊನ್ನಾಳಿಯ ಒಂದು ಭಾಗ. ಸಿಂದ ಅರಸರ ನೆಲೆಯಾಗಿದ್ದ ಬೆಳಗುತ್ತಿ ಇಂದು ನ್ಯಾಮತಿ ತಾಲ್ಲೂಕಿನಲ್ಲಿದೆ. ಆದರೆ ಏಳನೆಯ ಸಂಪುಟವನ್ನು ತೆರೆದವನಿಗೆ ನ್ಯಾಮತಿ ಎಂಬ ತಾಲ್ಲೂಕು ಎಲ್ಲಿಯೂ ಕಾಣುವುದಿಲ್ಲ. ಬೆಳಗುತ್ತಿಯ ಕಲ್ಲುಗಳು ಹೊನ್ನಾಳಿಯ ಅಂಕಗಳಲ್ಲಿಯೇ ಇವೆ. ಹಾಗೆಯೇ ಹರಿಹರದ ಶಾಸನಗಳನ್ನು ಹರಿಹರ ಎಂಬ ಶೀರ್ಷಿಕೆಯಲ್ಲಿ ಹುಡುಕಿದರೆ ದೊರೆಯುವುದಿಲ್ಲ. ರೈಸರ ಕಾಲಕ್ಕೆ ಅದು ದಾವಣಗೆರೆ ತಾಲ್ಲೂಕಿಗೆ ಸೇರಿದ್ದರಿಂದ ಅವೆಲ್ಲ ಡಿಜಿ ಸಂಕೇತದಲ್ಲಿವೆ.

ಇಲ್ಲಿ ಸಂಪಾದಕರಿಗೆ ಒಂದು ಪ್ರಲೋಭನ ಎದುರಾಗುತ್ತದೆ. ಊರು ಇಂದು ನ್ಯಾಮತಿ ತಾಲ್ಲೂಕಿನಲ್ಲಿರುವಾಗ ಶಾಸನವನ್ನು ಹೊನ್ನಾಳಿಯದೆಂದು ಬರೆಯುವುದು ತಪ್ಪಲ್ಲವೆ ಎಂದು ಯೋಚಿಸಿ, ಅಂಕವನ್ನು ಹಾಗೆಯೇ ಇಟ್ಟು ತಾಲ್ಲೂಕಿನ ಹೆಸರನ್ನು ಮಾತ್ರ ಬದಲಾಯಿಸುವುದು. ಇದು ಸದುದ್ದೇಶದ ತಿದ್ದುಪಡಿ. ಫಲ ಮಾತ್ರ ವಿಪರೀತ. ‘ನ್ಯಾಮತಿ’ ಎಂಬ ಹೆಸರಿನ ಮುಂದೆ ಹೊನ್ನಾಳಿಯ ಸಂಖ್ಯೆಯನ್ನು ಕೂಡಿಸಿದಾಗ ಯಾವ ಸಂಪುಟದಲ್ಲಿಯೂ ಇಲ್ಲದ ಒಂದು ಆಕರ ಹುಟ್ಟುತ್ತದೆ. ಆಕರಾಂಕದಲ್ಲಿ ಬರುವ ತಾಲ್ಲೂಕಿನ ಹೆಸರು ಭೂಗೋಳದ ಹೇಳಿಕೆಯಲ್ಲ. ಅದು ಅಂಕದ ಒಂದು ಅವಯವ. ಊರಿನ ಇಂದಿನ ಸ್ಥಾನವನ್ನು ತಿಳಿಸುವುದು ಅಗತ್ಯವಾದರೆ ಅದನ್ನು ವಿವರಣೆಯಲ್ಲಿ ಹೇಳಬೇಕೇ ಹೊರತು ಅಂಕದೊಳಗೆ ತುರುಕಬಾರದು.

ಇದಕ್ಕಿಂತಲೂ ಸೂಕ್ಷ್ಮವಾದುದು ಸಂಪುಟಸಂಖ್ಯೆಯ ತೊಡಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸತೊಡಗಿತು. ಪಾಠಶುದ್ಧಿಯ ದೃಷ್ಟಿಯಿಂದ ಇದರ ಉಪಕಾರ ದೊಡ್ಡದು. ಆದರೆ ಸಂಪುಟಗಳ ವಿಂಗಡಣೆ ಹಳೆಯದರಂತಿಲ್ಲ. ೧೯೦೨ರ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳಿದ್ದರೆ, ೧೯೭೯ರ ಪರಿಷ್ಕೃತ ಏಳನೆಯ ಸಂಪುಟದಲ್ಲಿರುವುದು ಮಂಡ್ಯ ಜಿಲ್ಲೆಯ ನಾಗಮಂಗಲ, ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕುಗಳು. ಹೀಗಿರುವಾಗ ‘ಎ.ಕ. ೭’ ಎಂದಷ್ಟೆ ಬರೆದು ಮುಂದೆ ಒಂದು ಸಂಖ್ಯೆಯನ್ನು ಕೊಟ್ಟರೆ ಓದುಗನು ತುಂಗಭದ್ರೆಯ ತೀರಕ್ಕೆ ಹೋಗಬೇಕೋ ಕಾವೇರಿಯ ಸೀಮೆಗೆ ಹೋಗಬೇಕೋ ತಿಳಿಯದು. ಸಂಪುಟದೊಡನೆ ಪ್ರಕಟಣವರ್ಷವನ್ನೂ ಹೇಳುವುದೊಂದೇ ಇದಕ್ಕೆ ಪರಿಹಾರ. ‘ಪರಿಷ್ಕೃತ’ ಎಂಬ ಮಾತು ಸಾಲದು. ಎರಡನೆಯ ಸಂಪುಟದ ಮಟ್ಟಿಗೆ ೧೯೨೩ರದೂ ಪರಿಷ್ಕೃತವೇ, ೧೯೭೩ರದೂ ಪರಿಷ್ಕೃತವೇ.

ಈ ಎರಡನೆಯ ಸಂಪುಟವು ಶ್ರವಣಬೆಳಗೊಳದ್ದಾದುದರಿಂದ ಜೈನ ವಿದ್ವಾಂಸರಿಗೆ ಇದರ ಅನುಭವ ಹೆಚ್ಚು. ರೈಸರ ೧೮೮೯ರ ಆವೃತ್ತಿಯಲ್ಲಿ ಇದ್ದ ಶಾಸನಗಳು ೧೪೪. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅವನ್ನು ೫೦೦ಕ್ಕೆ ಏರಿಸಿದರು. ೧೯೭೩ರಲ್ಲಿ ಅವು ೫೭೩ ಆದವು. ಪ್ರತಿಸಲವೂ ಹೊಸ ಶಾಸನಗಳು ತಮ್ಮ ತಮ್ಮ ಸ್ಥಳಗಳಲ್ಲಿ ನಡುನಡುವೆ ಸೇರಿದ್ದರಿಂದ ಹಳೆಯವುಗಳ ಅಂಕಗಳು ಮುಂದೆ ಸರಿದವು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ಶಕ ೧೦೫೦ರ ಮಲ್ಲಿಷೇಣ ಪ್ರಶಸ್ತಿ ರೈಸರಲ್ಲಿ ೫೪, ನರಸಿಂಹಾಚಾರ್ಯರಲ್ಲಿ ೬೭, ೧೯೭೩ರಲ್ಲಿ ೭೭. ಜೈನರಿಗೂ ಶ್ರೀವೈಷ್ಣವರಿಗೂ ಒಡಂಬಡಿಕೆ ಮಾಡಿಸಿದ ಬುಕ್ಕರಾಯನ ೧೩೬೮ರ ಶಾಸನ ಕ್ರಮವಾಗಿ ೧೩೬, ೩೪೪, ೪೭೫. ಭದ್ರಬಾಹು-ಪ್ರಭಾಚಂದ್ರರ ಪ್ರಸಕ್ತಿಯುಳ್ಳ ಮೊದಲ ಶಾಸನವೊಂದು ಮಾತ್ರ ಮೂರು ಆವೃತ್ತಿಗಳಲ್ಲಿಯೂ ಒಂದಾಗಿಯೇ ಉಳಿದಿದೆ. ಹೀಗಾಗಿ ಹಳೆಯ ಗ್ರಂಥವೊಂದರಲ್ಲಿ ‘ಶ್ರ.ಬೆ. ೬೭’ ಎಂದು ಕಂಡರೆ ಅದು ಮಲ್ಲಿಷೇಣ ಪ್ರಶಸ್ತಿಯೋ, ರೈಸರ ಅರವತ್ತೇಳನೆಯ ಶಾಸನವೋ ಎಂಬುದನ್ನು ಆ ಗ್ರಂಥ ಅಚ್ಚಾದ ವರ್ಷದಿಂದ ಊಹಿಸಬೇಕಾಗುತ್ತದೆ. ೧೯೨೮ರಲ್ಲಿ ಜೈನ ಶಿಲಾಲೇಖ ಸಂಗ್ರಹದ ಮೊದಲ ಭಾಗವನ್ನು ಸಂಪಾದಿಸಿದ ಹೀರಾಲಾಲ್ ಜೈನರು ಈ ಅಪಾಯವನ್ನು ಚೆನ್ನಾಗಿ ಅರಿತಿದ್ದರು. ಒಂದು ಅಂಕವನ್ನು ಹೊರಗೂ ಇನ್ನೊಂದನ್ನು ಆವರಣದಲ್ಲಿಯೂ ಇಟ್ಟು, ೫೪ (೬೭) ಎಂಬ ರೀತಿಯಲ್ಲಿ ಅವರು ಎರಡನ್ನೂ ಜೊತೆಯಾಗಿ ಕೊಟ್ಟರು. ಈ ಜೋಡಿ ಅಂಕವನ್ನು ನೋಡಿದವನಿಗೆ ಯಾವ ಆವೃತ್ತಿ ಕೈಗೆ ಸಿಕ್ಕರೂ ದಾರಿ ತಪ್ಪುವುದಿಲ್ಲ.

ಸೂತ್ರಗ್ರಂಥಗಳ ವಿಷಯದಲ್ಲಿಯೂ ಇಂಥದೇ ಸ್ಥಿತಿಯಿದೆ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ತತ್ತ್ವಾರ್ಥಸೂತ್ರದ ಸೂತ್ರಸಂಖ್ಯೆ ದಿಗಂಬರ ಪಾಠದಲ್ಲಿ ೩೫೭, ಶ್ವೇತಾಂಬರ ಪಾಠದಲ್ಲಿ ೩೪೪. ಸತ್ತಿನ ಲಕ್ಷಣವನ್ನು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಹೇಳುವ ಸೂತ್ರ ಒಂದರಲ್ಲಿ ಐದನೆಯ ಅಧ್ಯಾಯದ ೩೦ನೆಯದು, ಇನ್ನೊಂದರಲ್ಲಿ ೨೯ನೆಯದು. ದ್ರವ್ಯಲಕ್ಷಣವನ್ನು ಹೇಳುವ ಹಿಂದಿನ ಸೂತ್ರ ಶ್ವೇತಾಂಬರ ಪಾಠದಲ್ಲಿ ಇಲ್ಲದಿರುವುದೇ ಈ ಒಂದು ಅಂಕದ ಅಂತರಕ್ಕೆ ಕಾರಣ. ಸಮಯಸಾರದಲ್ಲಿ ಅಮೃತಚಂದ್ರಸೂರಿಗಳು ಸ್ವೀಕರಿಸಿದ ಗಾಥೆಗಳು ೪೧೫. ಜಯಸೇನಾಚಾರ್ಯರ ಪಾಠದಲ್ಲಿ ಅದಕ್ಕಿಂತ ಹೆಚ್ಚು. ಆದ್ದರಿಂದ ಗಾಥೆಯ ಅಂಕವನ್ನು ಕೊಡುವವನು ಯಾವ ಟೀಕೆಯ ಪಾಠವೆಂದು ಹೇಳದಿದ್ದರೆ ಆ ಉಲ್ಲೇಖ ಅರ್ಧದಷ್ಟೇ ಆಗುತ್ತದೆ. ಅಂಕವು ಪಾಠಪರಂಪರೆಗೆ ಸೇರಿದ್ದು, ಬರಿಯ ಎಣಿಕೆಯಲ್ಲ.

ಪುನಃ ದಾವಣಗೆರೆಯ ಕಡೆಗೆ ಬಂದರೆ, ಬೇತೂರಿನ ಶಾಸನವೊಂದು ಇಲ್ಲಿ ಉದಾಹರಣೀಯ. ಸೇವುಣ ಅರಸ ರಾಮಚಂದ್ರನ ಕಾಲದಲ್ಲಿ, ೧೨೭೧ರಲ್ಲಿ, ಕೂಚಿರಾಜನು ತನ್ನ ಮಡದಿ ಲಕ್ಷ್ಮಿಯ ನೆನಪಿಗಾಗಿ ಪದ್ಮಸೇನ ಭಟ್ಟಾರಕರ ಉಪದೇಶದಂತೆ ಬೇತೂರಿನಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಇದರ ಆಕರಾಂಕ ಎಪಿಗ್ರಾಫಿಯಾ ಕರ್ನಾಟಿಕಾ ೧೧ (೧೯೦೩), ದಾವಣಗೆರೆ ೧೩. ಒಬ್ಬ ಸಂಶೋಧಕನು ತನ್ನ ಪ್ರಬಂಧದಲ್ಲಿ ಐವತ್ತು ಆಕರಗಳನ್ನು ಬಳಸಿದನೆಂದೂ, ಯಂತ್ರವು ಈ ಶಾಸನಕ್ಕೆ ೨೨ ಎಂಬ ಕ್ರಮಾಂಕವನ್ನು ಕೊಟ್ಟಿತೆಂದೂ ಊಹಿಸೋಣ. ಪ್ರಬಂಧದೊಳಗೆ ‘ಬೇತೂರಿನ ಶಾಸನ [೨೨]’ ಎಂದು ಅಚ್ಚಾಗುತ್ತದೆ. ಅದನ್ನು ಆಧರಿಸಿ ಬರೆಯುವ ಮತ್ತೊಬ್ಬನು ‘ಬೇತೂರು ಶಾಸನ ೨೨’ ಎಂದು ಎತ್ತಿಕೊಳ್ಳುತ್ತಾನೆ. ಮೂರನೆಯವನಿಗೆ ಅದು ‘ದಾವಣಗೆರೆ ೨೨’ ಆಗಿ ತಲುಪುತ್ತದೆ. ಸೇನಗಣದ ಒಂದು ಗುರುಪರಂಪರೆಯ ಕೊಂಡಿಯನ್ನು ಹಿಡಿದುಕೊಡುವ ಶಾಸನ ಹೀಗೆ ಎರಡೇ ಹೆಜ್ಜೆಗಳಲ್ಲಿ ಕಣ್ಮರೆಯಾಗುತ್ತದೆ. ಎ. ಗೇರಿನೋ ಅವರು ೧೯೦೮ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಜೈನ ಶಾಸನಗಳ ಸೂಚಿ ೮೫೦ ಶಾಸನಗಳಿಗೆ ಬೇರೆಯೇ ಒಂದು ಅಂಕಮಾಲೆಯನ್ನು ಕೊಟ್ಟಿದೆ. ಜೈನ ಶಿಲಾಲೇಖ ಸಂಗ್ರಹದ ಎರಡನೆಯ ಮತ್ತು ಮೂರನೆಯ ಭಾಗಗಳಲ್ಲಿ ಅಂಕಗಳು ಭಾಗದಿಂದ ಭಾಗಕ್ಕೆ ಅವಿಚ್ಛಿನ್ನವಾಗಿ ಮುಂದುವರಿಯುತ್ತವೆ. ಆಗಲೇ ಇಷ್ಟು ಮಾಲೆಗಳಿರುವಾಗ ಪ್ರತಿ ಪ್ರಬಂಧವೂ ಇನ್ನೊಂದನ್ನು ಸೇರಿಸುವುದು ಉಚಿತವಲ್ಲ.

ಹಾಗಾದರೆ ಯಂತ್ರದ ಅಕ್ಷರಜೋಡಣೆಯಲ್ಲಿ ಆಕರಾಂಕವನ್ನೇ ಉಳಿಸಿಕೊಳ್ಳುವುದು ಸಾಧ್ಯವೆ? ಸಾಧ್ಯ, ಅದು ಕಷ್ಟವೂ ಅಲ್ಲ. ಸೀಸದ ಮೊಳೆಗಳ ಕಾಲದಲ್ಲಿ ಜೋಡಿಸುವವನು ಹಸ್ತಪ್ರತಿಯಲ್ಲಿ ಕಂಡ ಅಂಕವನ್ನೇ ಜೋಡಿಸುತ್ತಿದ್ದನು. ತಪ್ಪಿದರೆ ಕರಡಿನಲ್ಲಿ ತಿದ್ದಬಹುದಾಗಿತ್ತು. ಯಂತ್ರವು ಹಾಗಲ್ಲದೆ ಅಂಕವನ್ನು ತಾನೇ ಎಣಿಸುತ್ತದೆ. ಅದರ ಎಣಿಕೆಯ ಕ್ರಮವನ್ನು ಸ್ವಲ್ಪ ತಿಳಿದುಕೊಂಡರೆ ಬೇಕಾದಂತೆ ಬದಲಾಯಿಸಬಹುದು. ಶಾಸ್ತ್ರಗ್ರಂಥಗಳ ಮುದ್ರಣದಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಲೇಟೆಕ್ ಎಂಬ ವ್ಯವಸ್ಥೆಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದರ ತಳಹದಿಯಾದ ಟೆಕ್ ತಂತ್ರಾಂಶವನ್ನು ರೂಪಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ನೂತ್. ತಮ್ಮ ಗ್ರಂಥವೊಂದರ ಹೊಸ ಆವೃತ್ತಿಯ ಕರಡಚ್ಚಿನ ಅಂದಗೇಡಿತನದಿಂದ ಬೇಸತ್ತು ಅವರು ೧೯೭೦ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಲೆಸ್ಲಿ ಲ್ಯಾಂಪೋರ್ಟ್ ಅವರು ೧೯೮೦ರ ದಶಕದಲ್ಲಿ ಅದರ ಮೇಲೆ ಲೇಟೆಕ್ ಅನ್ನು ಕಟ್ಟಿದರು. ಕನ್ನಡ ಲಿಪಿಗೆ ಇದರ ಝೀಟೆಕ್, ಲುವಾಟೆಕ್ ಎಂಬ ರೂಪಗಳು ಒದಗುತ್ತವೆ.

ಲೇಟೆಕ್‌ನ ಆಕರಸೂಚಿಯಲ್ಲಿ ಪ್ರತಿಯೊಂದು ನಮೂದಿಗೂ ಎರಡು ಗುರುತುಗಳಿರುತ್ತವೆ. ಒಂದು ಕೀಲಿಪದ, ಇದು ಬರೆಯುವವನ ಕಣ್ಣಿಗೆ ಮಾತ್ರ, ಅಚ್ಚಿನಲ್ಲಿ ಕಾಣುವುದಿಲ್ಲ. ಇನ್ನೊಂದು ಚೀಟಿ, ಓದುಗನಿಗೆ ಕಾಣುವುದು ಇದೇ. ತಾಳೆಗರಿಯ ಕಟ್ಟಿಗೆ ಭಂಡಾರದವರು ಒಳಗೊಂದು ಹೆಸರಿಟ್ಟು ಹಲಗೆಯ ಮೇಲೆ ಒಂದು ಸಂಖ್ಯೆಯನ್ನು ಅಂಟಿಸುವಂತೆ ಇದು. ಬರಹದ ನಡುವೆ ಆಕರವನ್ನು ಕರೆಯುವಾಗ ಕೀಲಿಪದವನ್ನು ಬರೆದರೆ ಯಂತ್ರವು ಅದಕ್ಕೆ ಹೊಂದಿದ ಚೀಟಿಯನ್ನು ಅಲ್ಲಿ ಮುದ್ರಿಸುತ್ತದೆ. ಚೀಟಿ ಏನಿರಬೇಕೆಂದು ಹೇಳದಿದ್ದರೆ ಯಂತ್ರ ತನ್ನ ಎಣಿಕೆಯಂತೆ ೧, ೨, ೩ ಎಂದು ಕೊಡುತ್ತದೆ. ನಮೂದಿನ ಆರಂಭದಲ್ಲಿ ಚೌಕ ಆವರಣದೊಳಗೆ ಬೇಕಾದ ಚೀಟಿಯನ್ನು ಬರೆದರೆ ಅದನ್ನೇ ಮುದ್ರಿಸುತ್ತದೆ. ಎಲ್ಲ ತೊಡಕಿಗೂ ಪರಿಹಾರ ಈ ಒಂದು ಸೌಲಭ್ಯದಲ್ಲಿದೆ. ಬೇತೂರಿನ ಶಾಸನಕ್ಕೆ ‘ದಾವಣಗೆರೆ ೧೩’ ಎಂಬ ಚೀಟಿಯನ್ನು ಒಮ್ಮೆ ಕೊಟ್ಟರೆ ಗ್ರಂಥದಲ್ಲಿ ಎಷ್ಟು ಕಡೆ ಅದನ್ನು ಕರೆದರೂ ಅದೇ ಅಚ್ಚಾಗುತ್ತದೆ. ನಡುವೆ ಹೊಸ ಆಕರಗಳನ್ನು ಸೇರಿಸಿದರೂ ಅದು ಸರಿಯುವುದಿಲ್ಲ. ಕರೆಯುವಾಗಲೇ ಸಾಲಿನ ಸಂಖ್ಯೆಯನ್ನೂ ಜೊತೆಗೆ ಕೊಡಲು ಅವಕಾಶವಿದೆ.

ಹೀಗೆ ಚೀಟಿ ಕೊಟ್ಟ ನಮೂದುಗಳನ್ನು ಯಂತ್ರ ತನ್ನ ಎಣಿಕೆಗೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಅನುಕೂಲದ ಸಂಗತಿ. ಶಾಸನಗಳಿಗೆ ಆಕರಾಂಕವನ್ನೂ, ಆಧುನಿಕ ಗ್ರಂಥಗಳಿಗೆ ಯಂತ್ರದ ಕ್ರಮಾಂಕವನ್ನೂ ಒಂದೇ ಸೂಚಿಯಲ್ಲಿ ಬಳಸಿದರೂ ಕ್ರಮಾಂಕಗಳಲ್ಲಿ ನಡುವೆ ಸಂಖ್ಯೆ ಬಿಟ್ಟುಹೋಗುವುದಿಲ್ಲ. ಆದರೂ ಶಾಸನಗಳನ್ನು ಬೇರೆ, ಹಸ್ತಪ್ರತಿಗಳನ್ನು ಬೇರೆ, ಮುದ್ರಿತ ಗ್ರಂಥಗಳನ್ನು ಬೇರೆ ವಿಭಾಗಗಳಲ್ಲಿ ಕೊಡುವುದೇ ಲೇಸು. ಬಿಬ್‌ಲೇಟೆಕ್ ಎಂಬ ಉಪಾಂಗದಲ್ಲಿ ಪ್ರತಿ ವಿಭಾಗದ ಸಂಖ್ಯೆಯ ಹಿಂದೆ ಒಂದು ಅಕ್ಷರವನ್ನು ಪೂರ್ವಪದವಾಗಿ ಇಡುವುದಕ್ಕೂ, ವಿಭಾಗದಿಂದ ವಿಭಾಗಕ್ಕೆ ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸುವುದಕ್ಕೂ ವ್ಯವಸ್ಥೆಯಿದೆ. ಹಸ್ತಪ್ರತಿಗಳು ಹ ೧, ಹ ೨ ಎಂದೂ, ಗ್ರಂಥಗಳು ಗ್ರ ೧, ಗ್ರ ೨ ಎಂದೂ ಬರುವಂತೆ ಮಾಡಬಹುದು. ಅದರಲ್ಲಿಯೇ ಸಂಕ್ಷೇಪನಾಮಕ್ಕೆಂದು ಪ್ರತ್ಯೇಕ ಕೋಷ್ಠವೂ ಇದ್ದು, ಅಲ್ಲಿ ತುಂಬಿದ್ದು ಕ್ರಮಾಂಕದ ಸ್ಥಾನದಲ್ಲಿ ಅಚ್ಚಾಗುತ್ತದೆ; ಅಂಥ ಸಂಕ್ಷೇಪಗಳ ಪಟ್ಟಿಯನ್ನು ಗ್ರಂಥದ ಆದಿಯಲ್ಲಿ ತಾನಾಗಿಯೇ ಮುದ್ರಿಸಿಕೊಳ್ಳಬಹುದು. ರೈಸರ ತಾಲ್ಲೂಕು ಸಂಕೇತಗಳಿಗೆ ಇದಕ್ಕಿಂತ ತಕ್ಕ ಸ್ಥಾನವಿಲ್ಲ.

ಸಂಕೇತಗಳನ್ನು ಕನ್ನಡದಲ್ಲಿ ಕೊಡುವಾಗ ಮಾತ್ರ ಎಚ್ಚರ ಬೇಕು. ಹೊನ್ನಾಳಿಗೆ ‘ಹೊ’ ಎಂದು ಇಟ್ಟರೆ ಹೊಳಲ್ಕೆರೆ, ಹೊಸದುರ್ಗ, ಹೊಸಕೋಟೆ, ಹೊಳೆನರಸೀಪುರಗಳೂ ಅದೇ ಅಕ್ಷರಕ್ಕೆ ಬಂದು ನಿಲ್ಲುತ್ತವೆ. ‘ಚ’ ಎಂದರೆ ಚನ್ನಗಿರಿಯೂ ಹೌದು, ಚಳ್ಳಕೆರೆಯೂ ಹೌದು, ಚನ್ನಪಟ್ಟಣ, ಚನ್ನರಾಯಪಟ್ಟಣಗಳೂ ಹೌದು. ರೈಸರ ಸಂಕೇತಗಳಲ್ಲಿಯೂ ಸಿಐ, ಸಿಎಲ್, ಸಿಡಿ, ಸಿಕೆ ಎಂದು ಒಂದೇ ಆದ್ಯಕ್ಷರದವು ಸಾಲಾಗಿವೆ. ಎರಡನೆಯ ಅಕ್ಷರದ ಒಂದು ಮುದ್ರಣದೋಷ ಚನ್ನಗಿರಿಯ ಶಾಸನವನ್ನು ಚಳ್ಳಕೆರೆಗೆ ಒಯ್ಯಬಲ್ಲದು. ಇಂಥಲ್ಲಿ ಕಾಗದದ ಉಳಿತಾಯಕ್ಕಾಗಿ ಅಕ್ಷರಗಳನ್ನು ಮೊಟಕುಗೊಳಿಸುವುದಕ್ಕಿಂತ ‘ಹೊನ್ನಾಳಿ’, ‘ಚನ್ನಗಿರಿ’, ‘ಜಗಳೂರು’ ಎಂದು ಪೂರ್ಣನಾಮವನ್ನೇ ಚೀಟಿಯಾಗಿ ಮಾಡುವುದು ವಾಸಿ.

ಪೂರ್ಣನಾಮದ ಚೀಟಿ ಉದ್ದವಾಗುವುದರಿಂದ ಒಂದು ಸಣ್ಣ ತೊಂದರೆ ಬರುತ್ತದೆ. ಸೂಚಿಯನ್ನು ಆರಂಭಿಸುವಾಗ ಅತ್ಯಂತ ಅಗಲವಾದ ಚೀಟಿ ಯಾವುದೆಂದು ಯಂತ್ರಕ್ಕೆ ಮಾದರಿಯಾಗಿ ತಿಳಿಸಬೇಕು. ಅದನ್ನು ನೋಡಿ ಅದು ಎಡಬದಿಯಲ್ಲಿ ಸ್ಥಳ ಬಿಡುತ್ತದೆ. ಬಹಳ ಮಂದಿ ರೂಢಿಯಂತೆ ೯೯ ಎಂಬ ಎರಡಂಕಿಯ ಮಾದರಿಯನ್ನೇ ಕೊಡುತ್ತಾರೆ. ಆಗ ‘ದಾವಣಗೆರೆ ೧೩’ ಎಂಬ ಚೀಟಿ ತನ್ನ ಮಿತಿಯನ್ನು ಮೀರಿ ಮೊದಲ ಸಾಲನ್ನು ಬಲಕ್ಕೆ ತಳ್ಳುತ್ತದೆ. ಕೆಳಗಿನ ಸಾಲುಗಳು ಹಿಂದೆಯೇ ಉಳಿದು ಅಂಚು ಕೆಡುತ್ತದೆ. ಮಾದರಿಯಾಗಿ ಅತಿ ಉದ್ದದ ಚೀಟಿಯನ್ನೇ ಕೊಟ್ಟರೆ ದೋಷ ಹೋಗುತ್ತದೆ.

ಅನುಕ್ರಮದ ವಿಷಯ ಇದಕ್ಕಿಂತ ಗಂಭೀರವಾದುದು. ನಮೂದುಗಳನ್ನು ಅಕಾರಾದಿಯಾಗಿ ಜೋಡಿಸಲು ಯಂತ್ರಕ್ಕೆ ಹೇಳಿದಾಗ ಅದು ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಹೋಲಿಸುತ್ತದೆ. ಅಂಕಿಗಳನ್ನೂ ಅಕ್ಷರಗಳೆಂದೇ ಬಗೆಯುತ್ತದೆ. ಪರಿಣಾಮವಾಗಿ ‘ಹೊನ್ನಾಳಿ ೧೦’ ಎಂಬುದು ‘ಹೊನ್ನಾಳಿ ೨’ಕ್ಕಿಂತ ಮೊದಲು ಬಂದು ಕೂರುತ್ತದೆ. ಇದನ್ನು ಕಂಡು ಯಂತ್ರಕ್ಕೆ ಕನ್ನಡ ಬಾರದೆಂದು ಆರೋಪಿಸುವುದು ಅನ್ಯಾಯ. ರೋಮನ್ ಅಕ್ಷರದ ಚೀಟಿಗಳಲ್ಲಿಯೂ ಇದೇ ಆಗುತ್ತದೆ. ಪರಿಹಾರವೆಂದರೆ, ಅಚ್ಚಿನಲ್ಲಿ ಕಾಣದ ಅನುಕ್ರಮಪದವೊಂದನ್ನು ಪ್ರತಿ ನಮೂದಿಗೂ ಬೇರೆಯಾಗಿ ಕೊಟ್ಟು, ಅದರಲ್ಲಿ ಸಂಖ್ಯೆಗಳನ್ನು ೦೦೨, ೦೧೦ ಎಂದು ಸೊನ್ನೆಗಳಿಂದ ಸಮಾನ ಉದ್ದಕ್ಕೆ ತರುವುದು. ಮತ್ತೆ, ಎಣಿಕೆಯಿಂದ ಬಂದ ಅಂಕಿಗಳನ್ನು ಕನ್ನಡ ಅಂಕಿಗಳಾಗಿ ಮುದ್ರಿಸುವಂತೆ ಆದೇಶಿಸಿದರೂ, ಕೈಯಿಂದ ಬರೆದ ಚೀಟಿಯ ಅಂಕಿಗಳು ಬರೆದ ಹಾಗೆಯೇ ಉಳಿಯುತ್ತವೆ. ಒಂದೇ ಪುಟದಲ್ಲಿ ೧೩ ಕನ್ನಡದಲ್ಲಿಯೂ ಅದರ ಪಕ್ಕದ ಸಂಖ್ಯೆ ಇಂಗ್ಲಿಷ್ ಅಂಕಿಯಲ್ಲಿಯೂ ಇರುವ ಗ್ರಂಥಗಳು ಹೀಗೆ ಹುಟ್ಟುತ್ತವೆ.

ಸಮೀಪದ ಸಂಖ್ಯೆಗಳನ್ನು ಕೂಡಿಸುವ ಸೌಲಭ್ಯದ ಬಗೆಗೂ ಒಂದು ಮಾತು. ಕ್ರಮಾಂಕ ೩, ೪, ೫ ಒಟ್ಟಿಗೆ ಬಂದಾಗ ಅವನ್ನು ೩–೫ ಎಂದು ಸಂಕ್ಷೇಪಿಸುವ ಉಪಾಂಗಗಳಿವೆ. ಗ್ರಂಥಗಳಿಗೆ ಇದು ಒಪ್ಪುತ್ತದೆ. ಶಾಸನಗಳಿಗೆ ಇದನ್ನು ಕೈಯಾರೆಯೂ ಮಾಡಬಾರದು. ರೈಸರ ಅಂಕಗಳು ಊರುಗಳ ಅನುಕ್ರಮದವು ಎಂದು ಹಿಂದೆ ಹೇಳಿದೆಯಷ್ಟೆ; ಪಕ್ಕಪಕ್ಕದ ಸಂಖ್ಯೆಯ ಕಲ್ಲುಗಳು ಕಾಲದಲ್ಲಿ ಶತಮಾನಗಳಷ್ಟು ದೂರವಿರಬಹುದು, ಒಂದು ಬಸದಿಯ ದತ್ತಿಯ ಪಕ್ಕದಲ್ಲಿ ಒಂದು ವೀರಗಲ್ಲು ನಿಂತಿರಬಹುದು. ಅವನ್ನು ಗೆರೆ ಎಳೆದು ಒಂದುಗೂಡಿಸಿದರೆ ನಡುವಿನದೂ ಅದೇ ವಿಷಯಕ್ಕೆ ಸಾಕ್ಷಿಯೆಂಬ ತಪ್ಪು ಅಭಿಪ್ರಾಯಕ್ಕೆ ಎಡೆಯಾಗುತ್ತದೆ.

ಆಕರಾಂಕವನ್ನೇ ಚೀಟಿಯಾಗಿ ಬಳಸಿದರೆ ಪುಟ ಭಾರವಾಗಿ ಕಾಣುತ್ತದೆ, ವಾಕ್ಯದ ಓಟಕ್ಕೆ ಅಡ್ಡಿಯಾಗುತ್ತದೆ ಎಂಬ ಆಕ್ಷೇಪವಿದೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗಣಿತ, ವಿಜ್ಞಾನಗಳ ಲೇಖನದಲ್ಲಿ ಆಕರವೆಂದರೆ ಇಡೀ ಒಂದು ಪ್ರಬಂಧ. ಅದಕ್ಕೆ ಹೊರಗೆ ಎಲ್ಲರೂ ಒಪ್ಪಿದ ಚಿಕ್ಕ ಹೆಸರಿಲ್ಲದಿರುವುದರಿಂದ ಕ್ರಮಾಂಕ ಅಲ್ಲಿ ಸಹಜ. ಶಾಸನಕ್ಕೆ ಅಂಥ ಹೆಸರು ಆಗಲೇ ಇದೆ. ಇರುವ ಹೆಸರನ್ನು ಮುಚ್ಚಿ ಪ್ರತಿ ಗ್ರಂಥಕ್ಕೊಂದು ಹೊಸ ಹೆಸರಿಡುವುದು ಸೌಲಭ್ಯವೆನಿಸದು. ಪ್ರಕಾಶಕರ ನಿಯಮ ಕ್ರಮಾಂಕವನ್ನೇ ಬಯಸುವ ಪಕ್ಷದಲ್ಲಿ ಕ್ರಮಾಂಕದ ಜೊತೆಗೆ ಆಕರಾಂಕವನ್ನೂ ಬರಹದೊಳಗೆ ಕೊಟ್ಟು, ‘ದಾವಣಗೆರೆ ೧೩ [೨೨]’ ಎಂದು ಮುದ್ರಿಸುವುದಕ್ಕೆ ಯಾವ ನಿಯಮವೂ ಅಡ್ಡಿಯಾಗದು. ಶ್ರವಣಬೆಳಗೊಳದವುಗಳಿಗೆ ೧೯೭೩ರ ಅಂಕವನ್ನು ಚೀಟಿಯಾಗಿ ಮಾಡಿ ಹಿಂದಿನ ಎರಡನ್ನೂ ಸೂಚಿಯ ನಮೂದಿನಲ್ಲಿ ಕಾಣಿಸುವುದು ಯುಕ್ತ. ಬುಕ್ಕರಾಯನ ಶಾಸನದ ಮತ್ತೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದ್ದು, ಒಂಬತ್ತನೆಯ ಸಂಪುಟದಲ್ಲಿ ಮಾಗಡಿ ೧೮ ಎಂದು ಅಚ್ಚಾಗಿದೆ. ವಿಷಯ ಒಂದೇ ಎಂದು ಎರಡಕ್ಕೂ ಒಂದೇ ಚೀಟಿ ಕೊಡುವಂತಿಲ್ಲ. ಕಲ್ಲುಗಳು ಎರಡು, ಪಾಠಗಳೂ ಎರಡು.

ಊರುಗಳ ಇಂದಿನ ತಾಲ್ಲೂಕನ್ನು ಎಲ್ಲಿ ಹೇಳಬೇಕೆಂಬ ಪ್ರಶ್ನೆಯೊಂದು ಉಳಿಯಿತು. ಗ್ರಂಥದ ಕೊನೆಯಲ್ಲಿ ಸ್ಥಳನಾಮಸೂಚಿಯೊಂದನ್ನು ಬೇರೆಯಾಗಿ ಕೊಡುವುದು ಇದಕ್ಕೆ ಸರಿಯಾದ ಎಡೆ. ಅದರಲ್ಲಿ ನ್ಯಾಮತಿ ಎಂಬ ಶೀರ್ಷಿಕೆಯ ಕೆಳಗೆ ಬೆಳಗುತ್ತಿಯನ್ನು ಬರೆದು, ಮುಂದೆ ಹೊನ್ನಾಳಿಯ ಆಕರಾಂಕಗಳನ್ನು ಕೊಟ್ಟು, ‘ಎ.ಕ. ೭ (೧೯೦೨)’ ಎಂದು ಸೂಚಿಸಿದರೆ ತನ್ನ ಊರಿನ ಚರಿತ್ರೆಯನ್ನು ಹುಡುಕುವ ಇಂದಿನ ನ್ಯಾಮತಿಯವನಿಗೂ ದಾರಿ ಸಿಗುತ್ತದೆ. ನೂರು ವರ್ಷದ ಹಿಂದಿನ ಗ್ರಂಥಗಳೊಡನೆ ಹೋಲಿಸಿ ನೋಡುವ ವಿದ್ವಾಂಸನಿಗೂ ತೊಡಕಾಗುವುದಿಲ್ಲ. ಜಿಲ್ಲೆಗಳ ಎಲ್ಲೆ ಬದಲಾದಾಗ ಈ ಸೂಚಿಯೊಂದನ್ನು ತಿದ್ದಿದರೆ ಸಾಕು. ಹರಪನಹಳ್ಳಿಯನ್ನೇ ನೋಡಬಹುದು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಸೀಮೆಯದಾದುದರಿಂದ ಅದರ ಶಾಸನಗಳು ರೈಸರ ಸಂಪುಟಗಳಲ್ಲಿಲ್ಲ. ಅವು ೧೯೩೯ರ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಒಂಬತ್ತನೆಯ ಸಂಪುಟದ ಮೊದಲ ಭಾಗದಲ್ಲಿ, ತಾಲ್ಲೂಕಿನ ವಿಂಗಡಣೆಯಿಲ್ಲದೆ, ರಾಜವಂಶಗಳ ಅನುಕ್ರಮದಲ್ಲಿ ಸರಣಿ ಸಂಖ್ಯೆ ಪಡೆದು ಪ್ರಕಟವಾಗಿವೆ. ತಾಲ್ಲೂಕು ೧೯೯೭ರಲ್ಲಿ ದಾವಣಗೆರೆಗೂ, ೨೦೧೮ರಲ್ಲಿ ಮತ್ತೆ ಬಳ್ಳಾರಿಗೂ, ೨೦೨೧ರಲ್ಲಿ ಹೊಸದಾಗಿ ಆದ ವಿಜಯನಗರ ಜಿಲ್ಲೆಗೂ ಸೇರಿತು. ಸ್ಥಳನಾಮಸೂಚಿಯಲ್ಲಿ ಅದರ ಶೀರ್ಷಿಕೆ ಮೂರು ಸಲ ಸ್ಥಾನ ಬದಲಿಸಬೇಕಾಗುತ್ತಿತ್ತು. ಆ ಶಾಸನಗಳ ಚೀಟಿಯಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಕಾಗಿರಲಿಲ್ಲ.